ಗಾಜಿಲ್ಲದ ಬೆಳಕು

ಟಕ್.

ಬೆರಳಿನ ನಟಿಕೆ ಮುರಿದಷ್ಟು ಸಣ್ಣ ಸದ್ದು. ಮನೆಯವರೆಲ್ಲ ಮಲಗಿ ಬಹಳ ಹೊತ್ತಾಗಿತ್ತು. ನಿದ್ರೆ ಹತ್ತದೆ ಹೊರಳಾಡುತ್ತಿದ್ದ ತೃಪ್ತಿ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಇನ್ನೊಮ್ಮೆ ಕೇಳದಿರಲಿ ಎಂದುಕೊಂಡಳು. ಕೇಳಿತು. ಚಾವಡಿಯ ಕಡೆಯಿಂದ ಮತ್ತೆ, ಟಕ್.

ಚಾವಡಿಯ ಅಕ್ವೇರಿಯಂನಲ್ಲಿ, ಕಲ್ಲಿನಡಿಯ ಬಿಲದಲ್ಲಿ ವಾಸವಾಗಿದ್ದ ಸಿಗಡಿಯ ಸದ್ದು ಅದು. ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಜೀವ. ಮುಂಗಾಲಿನ ಒಂದು ಇಕ್ಕುಳ ಮಾತ್ರ ಮೈಗೆ ಹೊಂದದಷ್ಟು ದೊಡ್ಡದು. ಅದನ್ನು ಫಕ್ಕನೆ ಮುಚ್ಚಿದಾಗ ಚಿಟಿಕೆ ಹೊಡೆದಂತೆ ಕೇಳುತ್ತದೆ. ಅಂದರೆ ಸಿಗಡಿ ಬದುಕಿದೆ. ಸಿಗಡಿ ಬದುಕಿದೆ ಎಂದರೆ ನೀರಿಗೆ ಹೇಳಿಕೊಳ್ಳುವಷ್ಟು ತಾಮ್ರ ಸೇರಿಲ್ಲ. ಸೇರಿದ್ದರೆ ಎಲ್ಲಕ್ಕಿಂತ ಮೊದಲು ಸಾಯಬೇಕಾದದ್ದು ಅದೇ. ಮದುವೆಗೆ ಮುಂಚೆ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದ್ದ ತೃಪ್ತಿಗೆ ಇದನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದೂ ಸತ್ತಿರಬಾರದಿತ್ತೇ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಕತ್ತಲಲ್ಲೂ ಅವಳ ಮುಖ ಬಿಸಿಯಾಯಿತು. ಏಕೆಂದರೆ ಆ ದಿನ ಸಂಜೆಯಷ್ಟೇ ಅವಳು ಮಸ್ಕತ್ತಿನಲ್ಲಿದ್ದ ಗಂಡನಿಗೆ ಫೋನಿನಲ್ಲಿ, ಅವನ ಹವಳಗಳು ಬೆಳ್ಳಗಾಗಿ ಸಾಯುತ್ತಿರುವುದಕ್ಕೆ ಅವನ ತಾಯಿಯ ತಾಮ್ರದ ಚೊಂಬೇ ಕಾರಣವೆಂದು ನಂಬಿಸಿದ್ದಳು.

ಆ ಅಕ್ವೇರಿಯಂ ಜಿತೇಶನ ಪ್ರಾಣ. ಹೋದ ಸಲ ರಜೆಯಲ್ಲಿ ಬಂದಾಗ ಬಂಟ್ವಾಳದ ಮನೆಯ ಚಾವಡಿಯಲ್ಲಿ ಅದನ್ನು ತಾನೇ ಕೂರಿಸಿ, ಉಪ್ಪುನೀರು ತುಂಬಿ, ಮೀನುಗಳ ಜೊತೆಗೆ ಬಣ್ಣಬಣ್ಣದ ಮೆದು ಹವಳಗಳನ್ನು ಬೆಳೆಸಿ, ಹೊರಡುವಾಗ ಹೆಂಡತಿಯ ಕೈಗೆ ಒಪ್ಪಿಸಿದ್ದ. ಬೇರೆಯವರೆಲ್ಲ ಎಲ್‌ಇಡಿಗೆ ಬದಲಾಯಿಸಿದರೂ ಅವನು ಮಾತ್ರ ಹಳೆಯ ಮೆಟಲ್ ಹ್ಯಾಲೈಡ್ ಬಲ್ಬನ್ನು ಬಿಡಲು ತಯಾರಿರಲಿಲ್ಲ.

"ಎಲ್‌ಇಡಿಯದ್ದು ಸತ್ತ ಬೆಳಕು ಮಾರಾಯ್ತಿ," ಎನ್ನುತ್ತಿದ್ದ. "ಇದಾದ್ರೆ ನೋಡು, ಸಮುದ್ರದ ತಳದಲ್ಲಿ ಬಿಸಿಲು ಬಿದ್ದ ಹಾಗೆ ಮರಳಿನ ಮೇಲೆ ಅಲೆ ಓಡ್ತದೆ."

ವರ್ಷ ಕಳೆಯುವಾಗ ಆ ಬಲ್ಬಿನ ಬಣ್ಣ ಕೆಡುತ್ತಾ ಬಂತು. ಬೆಳಕು ಹಳದಿಗೆ ತಿರುಗಿ, ಗಾಜಿನ ಮೇಲೆ ಪಾಚಿ ಏಳತೊಡಗಿತು. ತೃಪ್ತಿ ಮೊದಲು ಹೋಗಿ ವಿಚಾರಿಸಿದ್ದು ಪುಂಜಾಲಕಟ್ಟೆಯ ಶರೀಫನ ಹತ್ತಿರ. ವಾಲಿಬಾಲ್ ಪಂದ್ಯಾಟಕ್ಕೆ, ಯಕ್ಷಗಾನಕ್ಕೆ ದೀಪಗಳನ್ನು ಬಾಡಿಗೆಗೆ ಕೊಡುವವನು ಅವನು.

"ಮೆಟಲ್ ಹ್ಯಾಲೈಡಾ? ಬೇಕಾದಷ್ಟು ಉಂಟಲ್ಲ ಅಕ್ಕ. ಒಂದೇ ಕೋರ್ಟಾ, ಎರಡು ಕೋರ್ಟಾ?"

"ಕೋರ್ಟಿಗಲ್ಲ, ಅಕ್ವೇರಿಯಂಗೆ."

ಶರೀಫ್ ಕೈಯಲ್ಲಿದ್ದ ವಯರನ್ನು ಕೆಳಗಿಟ್ಟು ನಕ್ಕುಬಿಟ್ಟ. "ಇದನ್ನು ಹಾಕಿದ್ರೆ ನಿಮ್ಮ ಮೀನುಗಳು ಎರಡು ಟೀಮು ಮಾಡಿ ಸರ್ವಿಸ್ ಶುರು ಮಾಡಿಯಾವು!"

ಅವನಲ್ಲಿದ್ದದ್ದೆಲ್ಲ ಮೈದಾನದ ಹಳದಿ ಬೆಳಕಿನವು. ಹವಳಕ್ಕೆ ಬೇಕಾದದ್ದು ನೀರಿನಾಳಕ್ಕೆ ಇಳಿದ ಬಿಸಿಲಿನಂಥ, ನೀಲಿ ಕಡೆಗೆ ವಾಲಿದ ಬೆಳಕು. ಕೊನೆಗೆ ಜಿತೇಶನೇ, ರಜೆಯಲ್ಲಿ ಊರಿಗೆ ಬರುತ್ತಿದ್ದ ಮಸ್ಕತ್ತಿನ ಗೆಳೆಯ ಇಹ್ಸಾನನ ಕೈಯಲ್ಲಿ ಮೂರು ಬಲ್ಬು ಕಳಿಸಿದ. ಬಟ್ಟೆಗಳ ನಡುವೆ, ಖರ್ಜೂರದ ಡಬ್ಬಿಯ ಪಕ್ಕದಲ್ಲಿ, ಎಳೆ ಮಗುವನ್ನು ಸುತ್ತಿದಂತೆ ಟವೆಲಿನಲ್ಲಿ ಸುತ್ತಿಕೊಂಡು ಬಂದವು. ಹತ್ತು ಸಾವಿರ ಕೆಲ್ವಿನ್ನಿನ ಒಂದು, ಹದಿನಾಲ್ಕು ಸಾವಿರದ ಒಂದು, ಇಪ್ಪತ್ತು ಸಾವಿರದ ಒಂದು. ಅಂಕಿ ಏರಿದಷ್ಟೂ ಬೆಳಕು ನೀಲಿ.

"ಹತ್ತು ಸಾವಿರದ್ದು ಹಾಕು," ಎಂದ ಜಿತೇಶ. "ಹವಳ ಬೆಳೆಯಲಿಕ್ಕೆ ಅದೇ ಒಳ್ಳೆಯದು. ನೀಲಿದ್ದು ನೋಡ್ಲಿಕ್ಕೆ ಮಾತ್ರ ಚೆಂದ. ಆದ್ರೂ ನಿನಗೆ ಬಿಟ್ಟದ್ದು, ನೀನು ಕಲಿತವಳು. ಆದ್ರೆ ಒಂದು ಮಾತು. ಯಾವುದನ್ನೇ ಹಾಕು, ದೀಪದ ಫಿಟ್ಟಿಂಗಿನ ಅಡಿಯ ಗಾಜು ಇಲ್ಲದೆ ಉರಿಸ್ಬೇಡ. ಬಲ್ಬಿನಿಂದ ಬರುವ ಕೆಟ್ಟ ಕಿರಣವನ್ನು ತಡೆಯುವುದು ಆ ಗಾಜು ಮಾತ್ರ."

"ಅತಿನೇರಳೆ ಕಿರಣ," ಎಂದಳು ತೃಪ್ತಿ.

"ಹಾಂ, ಅದೇ. ನೋಡಿದ್ಯಾ, ನಿನಗೆ ಹೇಳಿಕೊಡ್ಲಿಕ್ಕೆ ಹೊರಟೆ ನಾನು."

ಯಾವುದನ್ನೂ ಎರಡು ಸಲ ಯೋಚಿಸದೆ ಮಾಡುವವಳಲ್ಲ ತೃಪ್ತಿ. ಬಲ್ಬಿಗೆ ಬೆರಳು ತಾಗದಂತೆ ಮೆತ್ತಗಿನ ಬಟ್ಟೆಯಲ್ಲಿ ಹಿಡಿದು, ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಬಾಗಿಲ ಬಳಿ ನಿಂತು ನೋಡಿದಳು. ಹತ್ತು ಸಾವಿರದ್ದು ಅಂಗಳದ ಬಿಸಿಲಿನಂತೆ ಬೆಳ್ಳಗಿತ್ತು. ಅದರಲ್ಲಿ ಹವಳಗಳು ಇದ್ದ ಹಾಗೆಯೇ ಕಂಡವು. ಇಪ್ಪತ್ತು ಸಾವಿರದ್ದನ್ನು ಹಾಕಿದಾಗ ಹಸಿರು, ಕಿತ್ತಳೆ, ನೇರಳೆ ಬಣ್ಣಗಳೆಲ್ಲ ಒಳಗಿನಿಂದಲೇ ಹೊತ್ತಿಕೊಂಡಂತೆ ಎದ್ದುಬಂದವು. ಆದರೆ ಬೆಳಕು ಸ್ವಲ್ಪ ಮಂದ.

ಬೇರೆ ಸಮಯವಾಗಿದ್ದರೆ ಅವಳು ಬಿಳಿಯದನ್ನೇ ಇಟ್ಟುಕೊಳ್ಳುತ್ತಿದ್ದಳೋ ಏನೋ. ಆ ಭಾನುವಾರ ಜಿತೇಶನ ತಂಗಿ ಸುಪ್ರೀತಾಳ ನಿಶ್ಚಯವಿತ್ತು. ಬೆಳ್ತಂಗಡಿಯ ಪಕ್ಕದ ಲಾಯಿಲದಿಂದ ಹುಡುಗನ ಕಡೆಯವರು ಬರುವವರಿದ್ದರು. ಬಂದವರು ಮೊದಲು ಕೂರುವುದು ಚಾವಡಿಯಲ್ಲಿ. ಫೋಟೋ ತೆಗೆಯುವುದೂ ಅಲ್ಲೇ. ಅವರ ಕಣ್ಣಿಗೆ ಏನು ಬೀಳಬೇಕೆಂದು ಯೋಚಿಸಿ ಅವಳು ನೀಲಿಯನ್ನು ಆರಿಸಿದಳು.

ಶುಕ್ರವಾರ ಸಂಜೆ ನೋಡಿದರೆ, ದೀಪದ ಅಡಿಯ ಗಾಜಿನ ಮೇಲೆ ಉಪ್ಪಿನ ಹನಿ ಒಣಗಿ ಬಿಳಿ ಕಲೆ ಕಟ್ಟಿತ್ತು. ಮೊದಲೇ ಮಂದವಾದ ಬೆಳಕು ಅದರಿಂದ ಇನ್ನಷ್ಟು ಮಂಕಾಗಿತ್ತು. ದೀಪ ಆರಿಸಿ, ಗಾಜನ್ನು ಬಟ್ಟೆಯಲ್ಲಿ ಹಿಡಿದು ಬಿಡಿಸಿ, ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದಳು. ಗಾಜು ಇನ್ನೂ ಬಿಸಿಯಿತ್ತು. ನೀರು ಬಿದ್ದದ್ದೇ, ಅದು ಕೈಯಲ್ಲೇ ಚೂರಾಯಿತು.

ಬಿಸಿ ಗಾಜಿಗೆ ತಣ್ಣೀರು ತಾಗಿಸಬಾರದು ಎಂಬುದು ಪ್ರತಿ ವರ್ಷ ಲ್ಯಾಬಿನ ಮೊದಲ ಪಾಠವಾಗಿ ಅವಳೇ ಹೇಳುತ್ತಿದ್ದ ಮಾತು. ಯಾರೂ ನೋಡಲಿಲ್ಲ. ಚೂರುಗಳನ್ನು ಪೇಪರಿನಲ್ಲಿ ಕಟ್ಟಿ ಬಚ್ಚಲಿನ ಕಟ್ಟಿಗೆಯ ಹಿಂದೆ ತೂರಿಸಿದಳು. ಗಾಜಿನ ಅಂಗಡಿಗೆ ಫೋನ್ ಮಾಡಿದರೆ, ಬಿಸಿ ತಡೆಯುವ ಗಾಜು ಮಂಗಳೂರಿನಿಂದ ಬರಬೇಕು, ಬುಧವಾರವಾಗುತ್ತದೆ ಎಂದರು. ಬುಧವಾರದವರೆಗೆ ದೀಪ ಉರಿಸದಿದ್ದರೆ ಏನೂ ಕೆಡುತ್ತಿರಲಿಲ್ಲ. ಹವಳಗಳು ನಾಲ್ಕು ದಿನದ ಕತ್ತಲನ್ನು ತಡೆದುಕೊಳ್ಳುತ್ತವೆ. ಅದೂ ಅವಳಿಗೆ ಗೊತ್ತಿತ್ತು. ಆದರೆ ಭಾನುವಾರ ಲಾಯಿಲದವರ ಎದುರು ಒಂದು ಕಪ್ಪು ಪೆಟ್ಟಿಗೆ?

ಗಾಜಿಲ್ಲದೆ ಒಮ್ಮೆ ಉರಿಸಿ ನೋಡಿದಳು. ಬೆಳಕು ಹಿಂದೆಂದೂ ಇಲ್ಲದಷ್ಟು ಚೊಕ್ಕವಾಗಿತ್ತು. ಮರಳಿನ ಮೇಲೆ ಅಲೆ ಓಡಿತು. ಎರಡು ದಿನ ತಾನೇ ಎಂದುಕೊಂಡಳು.

ಶನಿವಾರ ವಿಡಿಯೋದಲ್ಲಿ ಜಿತೇಶನಿಗೂ ತೋರಿಸಿದಳು. "ಎಂಥ ಲಾಯಕ್ ಉಂಟು! ನೀಲಿಯೇ ಇರ್ಲಿ ಬಿಡು," ಎಂದವನು, ಫೋನಿಡುವ ಮುಂಚೆ ಕೇಳಿದ: "ಗಾಜು ಉಂಟಲ್ಲ?"

"ಉಂಟು," ಎಂದಳು.

ಭಾನುವಾರ ಎಲ್ಲವೂ ಅವಳು ಎಣಿಸಿದಂತೆಯೇ ನಡೆಯಿತು. ಹುಡುಗನ ಚಿಕ್ಕಮ್ಮ ಶರಬತ್ತಿನ ಲೋಟ ಹಿಡಿದುಕೊಂಡೇ ಅಕ್ವೇರಿಯಂ ಎದುರು ನಿಂತುಬಿಟ್ಟರು. "ಇದು ಎಂತ, ಹೂವಾ ಪ್ರಾಣಿಯಾ?"

ತೃಪ್ತಿ ವಿವರಿಸಿದಳು. ಹವಳವೂ ಪ್ರಾಣಿಯೇ, ಅದರ ಮೈಯೊಳಗೆ ಸಣ್ಣ ಪಾಚಿ ಇದ್ದುಕೊಂಡು ಬೆಳಕಿನಿಂದ ಅನ್ನ ಮಾಡಿಕೊಡುತ್ತದೆ, ಅದಕ್ಕೇ ಬಲ್ಬನ್ನು ಇಷ್ಟು ನೋಡಿ ಆರಿಸಬೇಕು ಎಂದೆಲ್ಲ ಹೇಳಿದಳು. ಬಂದವರು ಬಾಯಿ ತೆರೆದು ಕೇಳಿದರು.

"ಒಳಗೆ ಒಂದು ಎಟ್ಟಿಯೂ ಉಂಟು," ಎಂದು ಅತ್ತೆ ಕಾಂತಿ ಸಿಗಡಿಯ ಬಿಲವನ್ನು ತೋರಿಸುತ್ತಾ ನಡುವೆ ಬಾಯಿ ಹಾಕಿದರು. "ಬೇರೆಯವರ ಮನೆಯಲ್ಲಿ ಎಟ್ಟಿ ಸುಕ್ಕ ಮಾಡ್ತಾರೆ. ನಮ್ಮಲ್ಲಿ ಅದಕ್ಕೆ ಊಟ ಹಾಕಿ ಸಾಕ್ತೇವೆ."

ಚಾವಡಿ ತುಂಬಾ ನಗು. "ನಿಮಗೆ ಪುಣ್ಯ ಉಂಟು ಕಾಂತಿಯಕ್ಕ, ಇಷ್ಟು ಕಲಿತ ಸೊಸೆ ಸಿಗ್ಲಿಕ್ಕೆ," ಎಂದರು ಚಿಕ್ಕಮ್ಮ. ಅತ್ತೆ ತೃಪ್ತಿಯ ಬೆನ್ನ ಮೇಲೆ ಕೈಯಿಟ್ಟರು. ನೀಲಿ ಬೆಳಕಿನ ಮುಂದೆ ಸುಪ್ರೀತಾಳನ್ನೂ ಹುಡುಗನನ್ನೂ ನಿಲ್ಲಿಸಿ ಎಲ್ಲರೂ ಫೋಟೋ ತೆಗೆದರು.

ಸೋಮವಾರ ಬೆಳಗ್ಗೆ ದೀಪ ಹೊತ್ತಿದಾಗ, ಬಂಡೆಯ ನೆತ್ತಿಯಲ್ಲಿದ್ದ ಹವಳಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಬಂಡೆಯ ಅಡಿಯಲ್ಲಿ, ನೆರಳಿನಲ್ಲಿದ್ದವು ಮಾತ್ರ ಬಣ್ಣ ಉಳಿಸಿಕೊಂಡಿದ್ದವು. ಬೆಳಕು ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ಗೆರೆ ಎಳೆದಷ್ಟು ಸ್ಪಷ್ಟ. ತೃಪ್ತಿ ಅದನ್ನು ಕಂಡಳು. ಕಂಡೂ ಅದರ ಬಗ್ಗೆ ಯೋಚಿಸದಿರಲು ನೀರಿನ ಉಷ್ಣತೆ ನೋಡಿದಳು, ಉಪ್ಪು ಅಳೆದಳು, ಪಂಪನ್ನು ತೆಗೆದು ತೊಳೆದಳು.

ಅತ್ತೆ ಬಂದು ನಿಂತರು. "ಅಯ್ಯೋ ದೇವರೇ! ಎಂತಾಯ್ತು ಇದಕ್ಕೆ?" ಮತ್ತೆ ಸೆರಗಿನ ತುದಿಯನ್ನು ತಿರುಚುತ್ತಾ, "ತೃಪ್ತಿ, ನಿನ್ನೆ ನೀರು ಕೆಳಗೆ ಹೋದ ಹಾಗೆ ಕಂಡಿತು. ನೀನು ಬಡಿಸುವುದರಲ್ಲಿ ಇದ್ದಿಯಲ್ಲ. ನಾನೇ ಒಂದು ಚೊಂಬು ಹಾಕಿದೆ. ಅದರಿಂದ ಏನಾದ್ರೂ..." ಎಂದರು.

"ಯಾವ ಚೊಂಬು ಮಾಮಿ?"

"ನನ್ನ ತಾಮ್ರದ್ದು. ಕುಡಿಯುವ ನೀರೇ ಮಗಾ, ಕೆಟ್ಟದ್ದಲ್ಲ."

ತವರಿನಿಂದ ತಂದ ಆ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವುದು ಅತ್ತೆಯ ಹಳೆಯ ಪದ್ಧತಿ. ಸೊಸೆಯ ಕೆಲಸದಲ್ಲಿ ಒಂದು ಕೈ ಹಗುರವಾಗಲಿ ಎಂದು ಅದನ್ನೇ ಎತ್ತಿ ಸುರಿದಿದ್ದರು. ತೃಪ್ತಿಯ ಎದುರು ಮುಚ್ಚಿದ್ದ ಬಾಗಿಲೊಂದು ತಾನಾಗಿ ತೆರೆದಂತಾಯಿತು.

"ತಾಮ್ರ ಅವುಗಳಿಗೆ ವಿಷ ಮಾಮಿ," ಎಂದಳು.

ಮಾತು ಸುಳ್ಳಲ್ಲ. ಯಾವ ಪುಸ್ತಕ ತೆರೆದರೂ ಅದನ್ನೇ ಬರೆದಿರುತ್ತದೆ. ಸಂಜೆ ಜಿತೇಶನಿಗೆ ಹೇಳಿದ್ದೂ ಅಂಥದೇ ಮಾತು: "ಮಾಮಿ ತಾಮ್ರದ ಚೊಂಬಿನಿಂದ ನೀರು ಹಾಕಿದ್ರಂತೆ." ಒಂದು ಅಕ್ಷರವೂ ಸುಳ್ಳಿಲ್ಲ. ಅವಳು ಮಾತುಗಳನ್ನು ತೂಗಿಯೇ ಆಡುವವಳು. ಆ ಸಂಜೆಯೂ ತೂಗಿಯೇ ಆಡಿದ್ದಳು.

ಜಿತೇಶ ತಾಯಿಯನ್ನು ಫೋನಿಗೆ ಕರೆಸಿದ. "ಅಮ್ಮ, ನಿಮಗೆ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ? ಅದು ನಿಮ್ಮ ತುಳಸಿಕಟ್ಟೆ ಅಂತ ಮಾಡಿದ್ರಾ, ಚೊಂಬಿನಲ್ಲಿ ಸುರಿಯಲಿಕ್ಕೆ?" ಅವನ ಸ್ವರ ಅಡುಗೆಮನೆಯವರೆಗೂ ಕೇಳಿತು. ಅತ್ತೆ "ಹೌದು ಮಗ, ತಪ್ಪಾಯ್ತು ಮಗ," ಎನ್ನುತ್ತಲೇ ಇದ್ದರು. ತೃಪ್ತಿ ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದಳು.

ಆಮೇಲೆ ರಾತ್ರಿ ದೀಪ ಆರುವ ತನಕ, ಬೆಳಗ್ಗೆ ಅಕ್ವೇರಿಯಂ ಎದುರು ತಂದಿಟ್ಟುಕೊಂಡಿದ್ದ ಸ್ಟೂಲಿನ ಮೇಲೆಯೇ ಅತ್ತೆ ಮತ್ತೆ ಹೋಗಿ ಕೂತರು. ಆ ದಿನವಿಡೀ ಅವರಿದ್ದದ್ದು ಅಲ್ಲೇ. ಯಾವುದಾದರೂ ಹವಳ ಮತ್ತೆ ಅರಳಬಹುದೇನೋ ಎಂದು ನೀರಿನ ಮೇಲೆಯೇ ಬಗ್ಗಿ ನೋಡುತ್ತಿದ್ದರು. ಗಾಜಿಲ್ಲದ ಬಲ್ಬು ಅವರ ಮುಖದ ಹತ್ತಿರವೇ ಉರಿಯುತ್ತಿತ್ತು. ತೃಪ್ತಿ ದೀಪ ಆರಿಸಲಿಲ್ಲ. ಆರಿಸಿದರೆ ಯಾಕೆ ಎಂದು ಕೇಳುವರು.

ಈಗ, ಈ ಸರಿರಾತ್ರಿಯಲ್ಲಿ, ಸಿಗಡಿಯ ಸದ್ದಿನ ಹಿಂದೆಯೇ ನೀರು ಚೆಲ್ಲುವ ಸದ್ದು ಕೇಳಿ ತೃಪ್ತಿ ಎದ್ದು ಹೋದಳು. ಬೇಸಿನ್ನಿನ ಎದುರು ಅತ್ತೆ ಬಗ್ಗಿ ಕಣ್ಣಿಗೆ ನೀರು ಎರಚಿಕೊಳ್ಳುತ್ತಿದ್ದರು. ಲೈಟು ಹಾಕಿದರೆ "ಬೇಡ ಬೇಡ, ಆರಿಸು," ಎಂದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

"ಕಣ್ಣಿಗೆ ಹೊಯಿಗೆ ಬಿದ್ದ ಹಾಗೆ ಆಗ್ತದೆ ಮಗಾ. ತೆರೆಯಲಿಕ್ಕೇ ಆಗುವುದಿಲ್ಲ. ಅಳು ಬಂತಲ್ಲ ಸಂಜೆ, ಅದಕ್ಕಿರಬೇಕು. ನೀನು ಮಲಗು."

ಬೆಳಗಾಗುತ್ತಿದ್ದಂತೆ ತೃಪ್ತಿ ಮಾಡಿದ ಮೊದಲ ಕೆಲಸ, ದೀಪದ ಪ್ಲಗ್ಗನ್ನು ಕಿತ್ತು ಹಾಕಿದ್ದು. ಎರಡನೆಯದು, ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮೂಡುಬಿದಿರೆಗೆ ಹೊರಟದ್ದು. ಅತ್ತೆಗೆ ಕನ್ನಡಕ ಬರೆದುಕೊಟ್ಟ ಡಾಕ್ಟರು ಅಲ್ಲಿದ್ದರು. ದಾರಿಯುದ್ದಕ್ಕೂ ಅತ್ತೆ ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಕೂತಿದ್ದರು. ಸಿದ್ಧಕಟ್ಟೆ ದಾಟುವಾಗ, "ಈಗ ಎಲ್ಲಿ ಮುಟ್ಟಿದೆವು?" ಎಂದು ಚಿಕ್ಕ ಮಗುವಿನಂತೆ ಕೇಳಿದರು. ತೃಪ್ತಿ ಊರಿನ ಹೆಸರು ಹೇಳಿ, ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದಳು.

ಡಾಕ್ಟರು ಕಣ್ಣಿಗೆ ಹಳದಿ ಔಷಧಿ ಹಾಕಿ, ಯಂತ್ರದ ಮೂಲಕ ಬಹಳ ಹೊತ್ತು ನೋಡಿದರು. "ಅಮ್ಮ, ಎಲ್ಲಾದ್ರೂ ವೆಲ್ಡಿಂಗ್ ಮಾಡುವುದನ್ನು ನೋಡ್ತಾ ನಿಂತಿದ್ರಾ?"

"ನಾನಾ? ಇಲ್ಲ ಡಾಕ್ಟ್ರೇ. ನನ್ನ ಕೈಯಿಂದ ಮನೆಯಲ್ಲೊಂದು ತಪ್ಪಾಯ್ತು. ಅದಕ್ಕೆ ಸ್ವಲ್ಪ ಅಳು ಬಂತು, ಅಷ್ಟೇ."

"ಅತ್ತರೆ ಹೀಗೆ ಆಗುವುದಿಲ್ಲ. ಇದು ಬೆಳಕು ತಾಗಿ ಸುಟ್ಟದ್ದು." ಡಾಕ್ಟರು ತೃಪ್ತಿಯ ಕಡೆ ತಿರುಗಿದರು. "ಮನೆಯಲ್ಲಿ ಅಂಥ ಜೋರು ಬೆಳಕು ಏನಾದ್ರೂ ಉಂಟಾ?"

ಕೇಳಿದ ಪ್ರಶ್ನೆ ನೇರವಾಗಿತ್ತು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿ ಜೋಡಿಸಿ ಕೂತ ಅತ್ತೆಯ ಮುಖ ಕಂಡಿತು.

"ಪಕ್ಕದ ಭೋಜಣ್ಣನ ಮನೆಯಲ್ಲಿ ಗೇಟಿನ ಕೆಲಸ ಆಗ್ತಾ ಉಂಟು," ಎಂದಳು.

ಅದೂ ನಿಜವೇ. ಒಂದು ವಾರದಿಂದ ಅಲ್ಲಿ ಕಬ್ಬಿಣ ಬೆಸೆಯುತ್ತಿದ್ದರು.

"ಹಾಗಾದ್ರೆ ಅದೇ," ಎಂದರು ಡಾಕ್ಟರು. "ಮಂಡೆಬೆಚ್ಚ ಮಾಡ್ಬೇಡಿ. ಎರಡು ದಿನದಲ್ಲಿ ಗುಣ ಆಗ್ತದೆ. ಆ ಕಡೆ ಮತ್ತೆ ನೋಡದಿದ್ರೆ ಆಯ್ತು."

ಹೊರಗೆ ಬಂದು ಕಪ್ಪು ಕನ್ನಡಕ ಹಾಕಿಕೊಟ್ಟಾಗ ಅತ್ತೆ, "ಹೇಗೆ ಕಾಣ್ತೇನೆ? ಲಾಯಿಲದವರು ಈಗ ನೋಡಿದ್ರೆ ಮದುಮಗಳು ನಾನೇ ಅಂತ ಗ್ರಹಿಸಿಯಾರು," ಎಂದು ನಕ್ಕರು. ಕಾರಿನಲ್ಲಿ ಸ್ವಲ್ಪ ದೂರ ಬಂದ ಮೇಲೆ, "ಭೋಜಣ್ಣನ ಗೇಟಿನ ಕಡೆಗೆ ನಾನು ಹೋಗ್ಲೇ ಇಲ್ಲವಲ್ಲ?" ಎಂದರು. ತೃಪ್ತಿ ಏನೂ ಹೇಳುವ ಮುಂಚೆ ತಾವೇ ದಾರಿ ಕಂಡುಕೊಂಡರು: "ಹಾಂ, ನಿಶ್ಚಯದ ದಿವಸ ಬೆಳಗ್ಗೆ ದಾಸವಾಳ ಕೊಯ್ಯಲಿಕ್ಕೆ ಬೇಲಿಯ ಹತ್ತಿರ ಹೋಗಿದ್ದೆ. ಆವಾಗ ಕಣ್ಣಿಗೆ ಬಿದ್ದಿರಬೇಕು. ನನ್ನ ಗ್ರಹಚಾರ."

ಭಾನುವಾರ ಭೋಜಣ್ಣನ ಮನೆಯಲ್ಲಿ ಕೆಲಸವೇ ಇರಲಿಲ್ಲ. ತೃಪ್ತಿ ಹೂಂ ಎಂದಳು.

ಮಧ್ಯಾಹ್ನ ಜಿತೇಶ ಫೋನ್ ಮಾಡಿದ. ತಾಯಿಯ ಕಣ್ಣಿನ ಸುದ್ದಿ ಕೇಳಿ ಅವನ ಸ್ವರ ಇಳಿದುಹೋಗಿತ್ತು. "ಅಮ್ಮ, ನಾನು ನಿನ್ನೆ ಕೋಪದಲ್ಲಿ ಏನೇನೋ ಹೇಳಿದೆ. ಹವಳ ಹೋದ್ರೆ ಹೋಗ್ಲಿ ಬಿಡಿ."

"ಇಲ್ಲ ಮಗ, ನೀನು ಹೇಳಿದ್ದು ಸರಿಯೇ. ಆ ಚೊಂಬನ್ನು ಅಟ್ಟಕ್ಕೆ ಹಾಕಿದ್ದೇನೆ. ಇನ್ನು ಅದು ಕೆಳಗೆ ಬರುವುದಿಲ್ಲ," ಎಂದು ಅತ್ತೆ ಫೋನನ್ನು ಸೊಸೆಯ ಕಡೆಗೆ ಚಾಚಿದರು.

"ಅಡಿಯಲ್ಲಿದ್ದವಾದ್ರೂ ಉಳಿದವಲ್ಲ," ಎಂದ ಜಿತೇಶ. "ನೀನು ಇದ್ದದ್ದಕ್ಕೆ ಅಷ್ಟಾದ್ರೂ ಆಯ್ತು. ಹಲೋ? ಇದ್ದೀಯಾ?"

"ಇದ್ದೇನೆ."

ಹೇಳಲು ಒಂದು ವಾಕ್ಯ ಸಾಕಿತ್ತು. ಗಾಜು ಒಡೆದದ್ದು ನಾನು. ಆದರೆ ಆ ವಾಕ್ಯದ ಹಿಂದೆಯೇ ಶನಿವಾರದ 'ಉಂಟು' ಬರುತ್ತದೆ, ಸೋಮವಾರದ ಚೊಂಬು ಬರುತ್ತದೆ, ಇವತ್ತಿನ ಭೋಜಣ್ಣನ ಗೇಟು ಬರುತ್ತದೆ. ಒಂದೊಂದಕ್ಕೂ ಯಾಕೆ ಎಂದು ಅವನು ಕೇಳುತ್ತಾನೆ. ಯಾಕೆಂದರೆ ಲಾಯಿಲದವರ ಎದುರು ಚೆಂದ ಕಾಣಬೇಕಿತ್ತು ಎಂದು ಹೇಳಬೇಕಾಗುತ್ತದೆ.

"ಇನ್ನು ಬಿಳಿಯದನ್ನೇ ಹಾಕ್ತೇನೆ," ಎಂದಳು. "ಹತ್ತು ಸಾವಿರದ್ದು. ಬುಧವಾರದ ನಂತರ."

"ಬುಧವಾರ ಯಾಕೆ?"

"ಸ್ವಲ್ಪ ಕತ್ತಲಲ್ಲಿ ಇರ್ಲಿ. ಸುಧಾರಿಸಿಕೊಳ್ತವೆ."

"ಸರಿ. ನಿನಗೆ ಗೊತ್ತುಂಟಲ್ಲ," ಎಂದ ಅವನು.

ಔಷಧಿ ಹಾಕುವ ಹೊತ್ತಾಗಿತ್ತು. ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಅತ್ತೆ ದಿಂಬಿಗೆ ತಲೆಯಿಟ್ಟು ಮಲಗಿದ್ದರು. ತೃಪ್ತಿ ಪಕ್ಕದಲ್ಲಿ ಕೂತು, ಊದಿದ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ಕೆಂಪಗೆ ಉರಿದ ಕಣ್ಣು ಅವಳನ್ನೇ ನೋಡಿತು.

"ಹಾಕು ಮಗಾ," ಎಂದರು ಅತ್ತೆ. "ಹೆದರ್ಬೇಡ ಮಾರಾಯ್ತಿ. ಎರಡು ದಿನದಲ್ಲಿ ಗುಣ ಆಗ್ತದೆ ಅಂತ ಹೇಳಿದ್ದಾರಲ್ಲ." ಮತ್ತೆ ತಾವೇ ಮುಂದುವರಿಸಿದರು. "ನೀನು ನನಗೆ ಒಂದು ಮಾತು ಬಯ್ಯಲಿಲ್ಲ ತೃಪ್ತಿ. ಬೇರೆ ಸೊಸೆಯಾಗಿದ್ರೆ ಬಯ್ಯದೆ ಬಿಡ್ತಿರ್ಲಿಲ್ಲ. ಅದನ್ನು ನಾನು ಮರೆಯುವುದಿಲ್ಲ."

ಈಗ ಹೇಳಿದರೆ ಮುದುಕಿಗೆ ಇನ್ನಷ್ಟು ನೋವಾಗುತ್ತದೆ ಎಂಬ ನೆಪ ಆಗಲೇ ಅವಳ ಮನಸ್ಸಿನಲ್ಲಿ ಸಿದ್ಧವಾಗಿ ನಿಂತಿತ್ತು. ನೆಪವೆಂದು ಅವಳಿಗೆ ತಿಳಿದಿತ್ತು. ಅತ್ತೆಗೆ ನೋವಾಗುತ್ತಿರಲಿಲ್ಲ. ಅಟ್ಟದಿಂದ ಚೊಂಬು ಇಳಿಸಿ, ಹಗುರಾಗಿ, ಬಹುಶಃ ನಕ್ಕು ಕೂಡ ಬಿಡುತ್ತಿದ್ದರು. ನೋವು ಯಾರಿಗೆ ಎಂಬುದು ಸ್ಪಷ್ಟವಿತ್ತು. ಹಾಗಿದ್ದೂ ಅವಳು ನಿಶ್ಚಯಿಸಿಕೊಂಡಳು: ಜಿತೇಶನಿಗೆ ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ, ಸುಪ್ರೀತಾಳಿಗೂ ತನ್ನ ತಾಯಿಗೂ ಹೇಳುವುದಿಲ್ಲ. ಇದು ಯಾರಿಗೂ ತಿಳಿಯದು.

ಹನಿ ಕಣ್ಣಿಗೆ ಬಿತ್ತು. ಅತ್ತೆ ರೆಪ್ಪೆ ಬಿಗಿದು, ಉರಿಯನ್ನು ತಡೆದುಕೊಂಡರು.

"ಇನ್ನೊಂದು ಕಣ್ಣು ಮಾಮಿ," ಎಂದಳು ತೃಪ್ತಿ.